ಮದ್ದು ಸಿಗ್ತಿಲ್ಲ ಅಂತ ಪಟಾಕಿ ಬಿಚ್ಚಬೇಡಿ: ಕೋವಿ ಇರೋ ಮನೆಯವರು, ಅಂಗಡಿಯವರು ತಿಳಿದಿರಬೇಕಾದ್ದು

ಮೇಲೂರು: ರಾಗಿ ತೆನೆ ಬಲಿಯೋ ಹೊತ್ತಿಗೆ, ಕಡಲೆಕಾಯಿ ಕಟ್ಟೋ ಹೊತ್ತಿಗೆ ಕಾಡಂದಿ ಹೊಲಕ್ಕೆ ಇಳಿಯುತ್ತೆ. ಒಂದು ರಾತ್ರಿ ಹಿಂಡು ನುಗ್ಗಿದರೆ ಬೆಳಗ್ಗೆ ಹೊಲ ಉತ್ತ ಹಾಗಿರುತ್ತೆ. ಇದಕ್ಕೇ ಅಂತ ಅಜ್ಜನ ಕಾಲದಿಂದ ಕೋವಿ ಇಟ್ಟುಕೊಂಡಿರೋ ಮನೆಗಳು ನಮ್ಮ ರಾಜ್ಯದ ಹಳ್ಳಿಗಳಲ್ಲಿ ಇನ್ನೂ ಇವೆ. ಆದರೆ ಕೋವಿ ಇದ್ದರೆ ಸಾಲದು, ಮದ್ದು ಬೇಕು. ಲೈಸೆನ್ಸ್ ಇರೋ ಮದ್ದುಗುಂಡಿನ ಅಂಗಡಿ ಪ್ರತಿ ತಾಲ್ಲೂಕಲ್ಲಿ ಇರಲ್ಲ. ಅಲ್ಲೀವರೆಗೂ ಹೋದರೂ ಕೆಲವು ಸಲ ಸ್ಟಾಕ್ ಇರಲ್ಲ, ಕೆಲವು ಸಲ ಕಾಗದಪತ್ರ ಸರಿ ಇರಲ್ಲ. ಆಗ ಬರೋ ಪ್ರಶ್ನೆ ಒಂದೇ: ಬೇರೆ ಏನಾದ್ರೂ ಹಾಕಿದ್ರೆ ಆಗಲ್ವಾ?

ಆಗಲ್ಲ. ಯಾಕೆ ಆಗಲ್ಲ, ಮದ್ದು ಯಾಕೆ ಕಷ್ಟ ಆಗಿದೆ, ಅದರ ಬದಲು ಏನು ಮಾಡಬಹುದು ಅನ್ನೋದನ್ನ ಬಿಡಿಸಿ ನೋಡೋಣ.

ಕೊರತೆ ಎಲ್ಲಿಂದ ಬಂತು?

ನಮ್ಮ ದೇಶದಲ್ಲಿ ಸಾಮಾನ್ಯ ಲೈಸೆನ್ಸ್‌ದಾರರಿಗೆ ಸಿಗೋ 12 ಬೋರ್ ತೋಟಾ ದಶಕಗಳಿಂದ ಮುಖ್ಯವಾಗಿ ಬರ್ತಿರೋದು ಪುಣೆ ಹತ್ತಿರದ ಖಡ್ಕಿ ಕಾರ್ಖಾನೆಯಿಂದ. ತೋಟಾ, ಗುಂಡಿನೊಳಗಿನ ಹೊಗೆರಹಿತ ಮದ್ದು ತಯಾರಿಸೋ ಹಳೇ ಕಾರ್ಖಾನೆ ನೀಲಗಿರಿಯ ಅರುವಂಕಾಡಿನಲ್ಲಿದೆ. 2021ರ ಅಕ್ಟೋಬರ್ 1ರಂದು ಕೇಂದ್ರ ಸರ್ಕಾರ ಆರ್ಡನೆನ್ಸ್ ಫ್ಯಾಕ್ಟರಿ ಬೋರ್ಡ್ ಅನ್ನು ಏಳು ಕಂಪನಿಗಳಾಗಿ ಒಡೆದಾಗ ಈ ಎರಡೂ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್‌ಗೆ ಸೇರಿದವು. ಇಂಥ ಕಾರ್ಖಾನೆಗಳಿಗೆ ಸೇನೆಯ ಕೆಲಸ ಮೊದಲು. ಹೊಲ ಕಾಯೋ ರೈತನ ತೋಟಾ ಸಾಲಿನ ಕೊನೆಯಲ್ಲಿ ನಿಲ್ಲುತ್ತೆ.

ಹೊರದೇಶದಲ್ಲೂ ಇದೇ ಕಥೆ. ಹೊಗೆರಹಿತ ಮದ್ದಿಗೆ ಮೂಲ ವಸ್ತು ನೈಟ್ರೋಸೆಲ್ಯುಲೋಸ್. ಅದನ್ನು ಹತ್ತಿಬೀಜಕ್ಕೆ ಅಂಟಿಕೊಂಡ ಸಣ್ಣ ಎಳೆಗಳಿಂದ ಮಾಡ್ತಾರೆ. ಉಕ್ರೇನ್ ಯುದ್ಧ ಶುರುವಾದ ಮೇಲೆ ಫಿರಂಗಿ ಗುಂಡುಗಳಿಗೆ ಬೇಡಿಕೆ ಏರಿ ಇದಕ್ಕೂ ಬರ ಬಂತು. 2024ರಲ್ಲಿ ಅಮೆರಿಕದ ದೊಡ್ಡ ಮದ್ದುಗುಂಡು ಕಂಪನಿಯೊಂದು ಮದ್ದಿನ ಕೊರತೆ ಅಂತ ಹೇಳಿಯೇ ಬೆಲೆ ಏರಿಸಿತು. ಅಲ್ಲಿ ಖಾಲಿ ತೋಟಾಕ್ಕೆ ಮನೆಯಲ್ಲೇ ಮತ್ತೆ ಮದ್ದು ತುಂಬಿಕೊಳ್ಳೋ ಹವ್ಯಾಸದವರು ತುಂಬಾ ಜನ. ಅವರೆಲ್ಲ ಬದಲಿ ಹುಡುಕೋಕೆ ಶುರು ಮಾಡಿದರು. ಹಳೇ ಕಾಲದ ಕರಿಮದ್ದಿಗೂ ಅಲ್ಲಿ ಪೆಟ್ಟು ಬಿದ್ದಿತ್ತು. ಗೋಎಕ್ಸ್ ಅನ್ನೋ ಹೆಸರಾಂತ ಕರಿಮದ್ದಿನ ಕಾರ್ಖಾನೆ ನಿಲ್ಲಿಸ್ತೀವಿ ಅಂತ 2021ರಲ್ಲಿ ಪ್ರಕಟಣೆ ಬಂತು. ಮುಂದಿನ ವರ್ಷ ಆಟಿಕೆ ರಾಕೆಟ್ ಮಾಡೋ ಎಸ್ಟೆಸ್ ಕಂಪನಿ ಅದನ್ನು ಕೊಂಡುಕೊಂಡಿತು.

ಒಂದೇ ಹೆಸರಿನ ಮದ್ದೂ ಒಂದೇ ಅಲ್ಲ

ಕೋವಿಯೊಳಗೆ ಮದ್ದು ಸಿಡಿಯಬಾರದು, ಉರಿಯಬೇಕು. ಇದು ಮುಖ್ಯ ವಿಷಯ. ಒಂದು ಅಳತೆಯ ವೇಗದಲ್ಲಿ ಉರಿದು, ಹಬೆ ಎದ್ದು, ಗುಂಡನ್ನು ಮುಂದಕ್ಕೆ ತಳ್ಳಬೇಕು. ಆ ಒತ್ತಡ ತಡೆಯೋಕೆ ಎಷ್ಟು ಬೇಕೋ ಅಷ್ಟೇ ದಪ್ಪಕ್ಕೆ ನಳಿಗೆ ಮಾಡಿರ್ತಾರೆ. ಬೇಗ ಉರಿಯೋ ಮದ್ದು ಹಾಕಿದರೆ ಗುಂಡು ಮುಂದಕ್ಕೆ ಸರಿಯೋ ಮೊದಲೇ ಒತ್ತಡ ಏರಿಬಿಡುತ್ತೆ. ನಳಿಗೆ ಸೀಳಿದರೆ ಮೊದಲು ಹೋಗೋದು ಹಿಡಿದವನ ಕೈ, ಕಣ್ಣು.

ನಮ್ಮ ಶಿಡ್ಲಘಟ್ಟದವರಿಗೆ ಅರ್ಥ ಆಗೋ ಹಾಗೆ ಹೇಳಬೇಕಂದ್ರೆ, ರೇಷ್ಮೆ ಬಿಚ್ಚೋ ಘಟಕದಲ್ಲಿ ಸೌದೆ ಮುಗೀತು ಅಂತ ಯಾರೂ ಒಲೆಗೆ ಪೆಟ್ರೋಲ್ ಸುರಿಯಲ್ಲ. ಎರಡೂ ಉರಿಯೋದೇ. ಆದರೆ ಉರಿಯೋ ರೀತಿ ಬೇರೆ.

ಬಾಯಿಂದ ಮದ್ದು ತುಂಬೋ ನಾಡಕೋವಿ ಕರಿಮದ್ದಿಗೆ ಅಂತಲೇ ಮಾಡಿದ್ದು. ತೋಟಾ ಬಿಚ್ಚಿ ಅದರೊಳಗಿನ ಹೊಗೆರಹಿತ ಮದ್ದನ್ನು ಅದಕ್ಕೆ ಸುರಿದರೆ, ಅಳತೆ ಅದೇ ಇದ್ದರೂ ಬಲ ಎಷ್ಟೋ ಪಟ್ಟು ಜಾಸ್ತಿ. ಪಟಾಕಿ ಮದ್ದಿನ ಕಥೆ ಇನ್ನೂ ಕೆಟ್ಟದ್ದು. ಅದನ್ನ ಮಾಡಿರೋದೇ ಒಂದೇ ಏಟಿಗೆ ಸಿಡಿಯಲಿ ಅಂತ. ಒಂದೊಂದು ಕಂಪನಿ ಪಟಾಕಿಯೊಳಗೆ ಒಂದೊಂದು ಬೆರಕೆ ಇರುತ್ತೆ. ಬಿಚ್ಚುವಾಗಿನ ತಿಕ್ಕಾಟಕ್ಕೇ ಹತ್ತಿಕೊಳ್ಳಬಹುದು. ಕೋವಿಯವರೆಗೂ ಹೋಗೋದೇ ಬೇಡ, ಅಡುಗೆಮನೆಯಲ್ಲೇ ಅನಾಹುತ ಆಗುತ್ತೆ.

ಪಳಗಿದವರಿಗೂ ಇದರಲ್ಲಿ ಅಂದಾಜು ನಡೆಯಲ್ಲ. ಅಮೆರಿಕದಲ್ಲಿ ಎಚ್ 4831, ಐಎಂಆರ್ 4831 ಅಂತ ಎರಡು ಮದ್ದು ಇವೆ. ನಂಬರ್ ಒಂದೇ. ಆದರೆ ಉರಿಯೋ ವೇಗ ಬೇರೆ, ಒಂದರ ಅಳತೆ ಇನ್ನೊಂದಕ್ಕೆ ಹಾಕುವಂತಿಲ್ಲ ಅಂತ ಅಲ್ಲಿನ ಕೈಪಿಡಿಗಳು ಎಚ್ಚರಿಸುತ್ತವೆ. ಪ್ರತಿ ಮದ್ದಿಗೂ ಕಂಪನಿಯವರು ಲ್ಯಾಬ್‌ನಲ್ಲಿ ಒತ್ತಡ ಅಳೆದು ಪಟ್ಟಿ ಕೊಡ್ತಾರೆ. ಆ ಪಟ್ಟಿಯಲ್ಲಿ ಇಲ್ಲದ್ದನ್ನು ಅಲ್ಲಿನ ತಿಳಿದವರು ಮುಟ್ಟಲ್ಲ.

ಕರಿಮದ್ದಿಗೆ ಸರಿಯಾದ ಬದಲಿ ಕಂಡುಹಿಡಿದವರೇ ಇಲ್ವಾ ಅಂದ್ರೆ, ಇದ್ದಾರೆ. 1970ರ ದಶಕದಲ್ಲಿ ಅಮೆರಿಕದ ಡ್ಯಾನ್ ಪಾವ್ಲಾಕ್ ಅನ್ನೋರು ಪೈರೋಡೆಕ್ಸ್ ಅನ್ನೋ ಬದಲಿ ಮದ್ದು ತಯಾರಿಸಿದರು. ಅದು ಮಾರುಕಟ್ಟೆಗೂ ಬಂತು, ಇವತ್ತಿಗೂ ಇದೆ. ಆದರೆ 1977ರ ಜನವರಿಯಲ್ಲಿ ಅದನ್ನೇ ತಯಾರಿಸೋ ಘಟಕದಲ್ಲಿ ನಡೆದ ದುರಂತದಲ್ಲಿ ಪಾವ್ಲಾಕ್ ತೀರಿಕೊಂಡರು. ಬದಲಿ ಮದ್ದು ಕಂಡುಹಿಡಿದವರಿಗೇ ಹೀಗಾಯ್ತು. ನಮ್ಮಲ್ಲೂ ಅಷ್ಟೇ. 2025ರ ಜನವರಿ 24ರಂದು ಮಹಾರಾಷ್ಟ್ರದ ಭಂಡಾರಾ ಆರ್ಡನೆನ್ಸ್ ಕಾರ್ಖಾನೆಯಲ್ಲಿ ಸ್ಫೋಟ ಆಗಿ 8 ಜನ ಸತ್ತರು. ತರಬೇತಿ, ಸಲಕರಣೆ, ನಿಯಮ ಎಲ್ಲ ಇರೋ ಜಾಗ ಅದು.

ನಮ್ಮ ಜಿಲ್ಲೆ ಮರೆಯಬಾರದ ರಾತ್ರಿ

ದೂರದ ಮಾತು ಬಿಡಿ. 2021ರ ಫೆಬ್ರವರಿ 23ರ ನಸುಕಿಗೆ ಮುಂಚೆ ನಮ್ಮ ಚಿಕ್ಕಬಳ್ಳಾಪುರ ತಾಲ್ಲೂಕಿನ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸಿಡಿದು 6 ಜನ ಪ್ರಾಣ ಬಿಟ್ಟರು. ಕಲ್ಲು ಕ್ವಾರಿಗೆ ತಂದಿದ್ದ ಸ್ಫೋಟಕ ಅದು. ಪೊಲೀಸರ ದಾಳಿ ಆದ ಮೇಲೆ ಬಚ್ಚಿಟ್ಟಿದ್ದನ್ನು ವಿಲೇವಾರಿ ಮಾಡೋಕೆ ಹೋದಾಗ ಸಿಡಿಯಿತು ಅಂತ ಆಗ ಅಧಿಕಾರಿಗಳು ಹೇಳಿದ್ದರು. ಅದಕ್ಕೆ ಒಂದು ತಿಂಗಳ ಮುಂಚೆ, ಜನವರಿ 21ರ ರಾತ್ರಿ, ಶಿವಮೊಗ್ಗದ ಹುಣಸೋಡಿನಲ್ಲೂ ಕ್ವಾರಿ ಸ್ಫೋಟಕ ಸಿಡಿದು ಜೀವಗಳು ಹೋಗಿದ್ದವು. ಹುಣಸೋಡು ನೋಡಿಯೂ ನಾವು ಕಲಿಯಲಿಲ್ಲ.

2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಗೋದಾಮಿಗೆ ಬೆಂಕಿ ಬಿತ್ತು. ಮೊದಲ ದಿನವೇ ಸತ್ತವರ ಸಂಖ್ಯೆ 10 ದಾಟಿತು. ಹೆಚ್ಚಿನವರು ದೀಪಾವಳಿ ಸೀಸನ್ ಕೆಲಸಕ್ಕೆ ತಮಿಳುನಾಡಿಂದ ಬಂದಿದ್ದ ಹುಡುಗರು.

ಕ್ವಾರಿ, ಗೋದಾಮು, ಕೋವಿ ಮೂರೂ ಬೇರೆ ಬೇರೆ. ಆದರೆ ತಪ್ಪು ಒಂದೇ ಜಾತಿಯದು. ಕಾಯ್ದೆಯ ದಾರಿ ನಿಧಾನ ಅಂತ ಅಡ್ಡದಾರಿ ಹಿಡಿಯೋದು, ಮದ್ದನ್ನು ಇಡಬಾರದ ಕಡೆ ಇಡೋದು, ಗೊತ್ತಿಲ್ಲದವರ ಕೈಗೆ ಕೊಡೋದು.

ಹಂದಿಗೆ ಇಟ್ಟಿದ್ದು ಹಸುವಿನ ಬಾಯಿಗೆ

ಕೋವಿಯೇ ಬೇಡ ಅಂತ ಕೆಲವರು ಸಿಡಿಮದ್ದಿನ ಉಂಡೆ ಇಡ್ತಾರೆ. ಹಂದಿ ಕಚ್ಚಿದರೆ ಸಿಡಿಯುತ್ತೆ ಅನ್ನೋ ಲೆಕ್ಕ. ಆದರೆ ಅದು ಹಂದಿ ಯಾವುದು, ಹಸು ಯಾವುದು ಅಂತ ನೋಡಲ್ಲ. 2020ರ ಮೇ ತಿಂಗಳಲ್ಲಿ ಕೇರಳದ ಮಣ್ಣಾರ್ಕಾಡ್ ಕಡೆ ಗರ್ಭಿಣಿ ಆನೆಯೊಂದು ಬಾಯಿ ಛಿದ್ರವಾಗಿ ನದಿಯಲ್ಲೇ ನಿಂತು ಸತ್ತದ್ದನ್ನು ದೇಶವೇ ನೋಡಿತು. ನಮ್ಮ ತಾಲ್ಲೂಕಿನ ಮನೆ ನಡೆಯೋದು ರೇಷ್ಮೆ ಮತ್ತು ಹಾಲಿನಿಂದ. ಮೇಯೋಕೆ ಬಿಟ್ಟ ಒಂದು ಸೀಮೆಹಸು ದವಡೆ ಒಡೆದುಕೊಂಡರೆ ಆ ಮನೆಯ ಹದಿನೈದು ದಿನದ ಹಾಲಿನ ಬಟವಾಡೆ ನಿಂತಹಾಗೆ. ಆಡಿಕೊಂಡು ಹೋದ ಮಗು ಅದನ್ನ ಎತ್ತಿಕೊಂಡರೆ ಏನಾಗುತ್ತೆ ಅಂತ ಬರೆಯೋದು ಬೇಡ.

ಕಾಯ್ದೆ ಏನು ಹೇಳುತ್ತೆ?

ಬೆಳೆ ಕಾಯೋಕೆ ಬಾಯಿಂದ ಮದ್ದು ತುಂಬೋ ಕೋವಿಗೆ ಲೈಸೆನ್ಸ್ ಕೇಳೋ ಅವಕಾಶ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಇದೆ, 13ನೇ ಸೆಕ್ಷನ್. ಕೊಡೋರು ಜಿಲ್ಲಾಧಿಕಾರಿ. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸ್ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ಅದೇ ತಿದ್ದುಪಡಿ ಶಿಕ್ಷೆಯನ್ನೂ ಬಿಗಿ ಮಾಡಿದೆ. ಲೈಸೆನ್ಸ್ ಇಲ್ಲದೆ ಆಯುಧ, ಮದ್ದುಗುಂಡು ತಯಾರಿಸಿದರೆ ಕನಿಷ್ಠ 7 ವರ್ಷ, ಜೀವಾವಧಿವರೆಗೂ ಹೋಗಬಹುದು. ಮನೆಯಲ್ಲಿ ತೋಟಾ ತುಂಬೋದು ಕೈಕೆಲಸ ಅಂದುಕೊಂಡವರು ಇದನ್ನ ಎರಡು ಸಲ ಓದಬೇಕು. ಮದ್ದು ತಯಾರಿಕೆಗೆ 1884ರ ಸ್ಫೋಟಕ ಕಾಯ್ದೆ ಬೇರೆ ಇದೆ.

ಕೊಡಗಿನವರಿಗೆ ಲೈಸೆನ್ಸೇ ಬೇಡ, ನಮಗ್ಯಾಕೆ ಅಂತ ಕೇಳೋರಿದ್ದಾರೆ. ಅಲ್ಲಿನ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೇಂದ್ರ ಸರ್ಕಾರ 2029ರ ಅಕ್ಟೋಬರ್‌ವರೆಗೆ ವಿನಾಯಿತಿ ಕೊಟ್ಟಿದೆ. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಅದು ಅವರಿಗೆ ಮಾತ್ರ, ಬೇರೆಯವರಿಗೆ ಅನ್ವಯ ಆಗಲ್ಲ.

ಇನ್ನೊಂದು ಮಾತು. ಕೋವಿಗೆ ಲೈಸೆನ್ಸ್ ಇದೆ ಅಂದ ತಕ್ಷಣ ಹಂದಿ ಹೊಡೆಯೋಕೆ ಅನುಮತಿ ಇದೆ ಅಂತ ಅಲ್ಲ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವಿಷಯ. ಅರಣ್ಯ ಇಲಾಖೆಯನ್ನು ಕೇಳಲೇಬೇಕು.

ಹಾಗಾದರೆ ಏನು ಮಾಡೋದು?

ನಮ್ಮ ಜಿಲ್ಲೆ ಆಗಿದ್ದು 2007ರಲ್ಲಿ. ಅದಕ್ಕೂ ಹಿಂದಿನ ಲೈಸೆನ್ಸ್ ಇರೋ ಮನೆಗಳ ಕಡತ ಕೋಲಾರ ಜಿಲ್ಲೆಯ ಕಾಲದ್ದು. ಲೈಸೆನ್ಸ್ ಪುಸ್ತಕ ತೆಗೆದು ಅವಧಿ ನೋಡಿ, ಯುಐಎನ್ ನಂಬರ್ ಇದೆಯಾ ನೋಡಿ. ಅದಿಲ್ಲದೆ ಮದ್ದು ಕೊಡೋ ಅಂಗಡಿಯವರೂ ಮುಂದೆ ಬರಲ್ಲ. ಲೈಸೆನ್ಸ್‌ದಾರರು ತೀರಿಕೊಂಡಿದ್ದರೆ ಕೋವಿಯನ್ನ ಅಟ್ಟದ ಮೇಲೆ ಇಟ್ಟು ಸುಮ್ಮನಾಗಬೇಡಿ. ಲೈಸೆನ್ಸ್ ಇಲ್ಲದ ಕೋವಿ ಇಟ್ಟುಕೊಂಡದ್ದಕ್ಕೇ ಈಗ ಕನಿಷ್ಠ 2 ವರ್ಷ ಜೈಲಿದೆ. ಪೊಲೀಸ್ ಠಾಣೆಯಲ್ಲಿ ಜಮಾ ಮಾಡಿ, ವಾರಸುದಾರರ ಹೆಸರಲ್ಲಿ ಅರ್ಜಿ ಹಾಕಬಹುದು.

ಹಳೇ ಮದ್ದು, ಒದ್ದೆಯಾದ ತೋಟಾ, ಎಲ್ಲಾದರೂ ಬಿದ್ದ ಜಿಲೆಟಿನ್ ಕಡ್ಡಿ ಸಿಕ್ಕರೆ ಸುಡಬೇಡಿ, ಹೂಳಬೇಡಿ, ಕೆರೆಗೆ ಎಸೆಯಬೇಡಿ. ಹತ್ತಿರ ಹೋಗದೆ 112ಕ್ಕೆ ಫೋನ್ ಮಾಡಿ. ಹಂದಿ ಕಾಟಕ್ಕೆ ಅರಣ್ಯ ಇಲಾಖೆಯ ಸಹಾಯವಾಣಿ 1926. ಬೆಳೆ ಹಾಳಾದ ದಿನವೇ ಫೋಟೋ ತೆಗೆದು, ಪಹಣಿ ಜೊತೆ ಪರಿಹಾರಕ್ಕೆ ಅರ್ಜಿ ಕೊಡಿ. ಸೋಲಾರ್ ಬೇಲಿ ಹಾಕೋದಿದ್ದರೆ ಸರಿಯಾದ ಯಂತ್ರ ಇಟ್ಟೇ ಹಾಕಬೇಕು, ಲೈನ್ ಕರೆಂಟ್ ಕೊಟ್ಟರೆ ಅದೂ ಕೊಲೆಗೆ ಸಮ.

ಅಂಗಡಿಯವರಿಗೂ ಒಂದು ಮಾತು. ಹಬ್ಬ ಇಲ್ಲದ ಕಾಲದಲ್ಲಿ ಯಾರಾದರೂ ಬಂದು ಬರೀ ಸಿಡಿಯೋ ಪಟಾಕಿಯನ್ನೇ ಕಟ್ಟುಗಟ್ಟಲೆ ಕೇಳಿದರೆ ಯಾಕೆ ಅಂತ ಕೇಳಿ. ಕೊಡಲ್ಲ ಅನ್ನೋಕೆ ಸಂಕೋಚ ಬೇಡ. ನಾಳೆ ಆಸ್ಪತ್ರೆಯಲ್ಲಿ ಮಲಗೋನು ನಿಮ್ಮ ಗಿರಾಕಿಯೇ.

ರೈತರ ತಪ್ಪಷ್ಟೇ ಹೇಳಿ ಮುಗಿಸಿದರೆ ನ್ಯಾಯ ಆಗಲ್ಲ. ಲೈಸೆನ್ಸ್ ನವೀಕರಣ ಫೈಲು ತಿಂಗಳುಗಟ್ಟಲೆ ಕೂತರೆ, ಬೆಳೆ ಪರಿಹಾರ ಮುಂದಿನ ಬಿತ್ತನೆಗೂ ಬರದಿದ್ದರೆ, ಚುನಾವಣೆ ಬಂದಾಗಲೆಲ್ಲ ಕೋವಿ ಠಾಣೆಗೆ ಕೊಟ್ಟು ಹೊಲ ಖಾಲಿ ಕೈಲಿ ಕಾಯಬೇಕಾದರೆ, ಅಡ್ಡದಾರಿ ಹುಡುಕೋ ಮನಸ್ಸು ಬಂದೇ ಬರುತ್ತೆ. ತಾಲ್ಲೂಕು ಆಡಳಿತ, ಅರಣ್ಯ, ಪೊಲೀಸ್ ಮೂರೂ ಕಡೆಯವರು ವರ್ಷಕ್ಕೊಮ್ಮೆ ಸುಗ್ಗಿಗೆ ಮುಂಚೆ ಹೋಬಳಿ ಮಟ್ಟದಲ್ಲಿ ಕೂತು ಲೈಸೆನ್ಸ್ ನವೀಕರಣ, ಪರಿಹಾರದ ಅರ್ಜಿ ಒಂದೇ ಕಡೆ ತಗೊಂಡರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ. ಮುಂದಿನ ಗ್ರಾಮಸಭೆಯಲ್ಲಿ ಇದನ್ನ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಅಲ್ಲೀತನಕ ಹೋದ ಬೆಳೆಗೆ ಅರ್ಜಿ ಹಾಕಬಹುದು, ಹೋದ ಕೈಗೆ ಹಾಕೋಕೆ ಆಗಲ್ಲ.