ಹಾಸಿಗೆ ಹುಣ್ಣು ಹಣೆಬರಹವಲ್ಲ!

ಬೈಲಕುಪ್ಪೆಯ ಕೂಲಿಗಾರನೊಬ್ಬ ಹೊಗೆಸೊಪ್ಪಿನ ಬ್ಯಾರನ್ನಿನ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡನೆನ್ನಿ. ಮೂಳೆ ಕೂಡುತ್ತದೆ. ಮಲಗಿದಲ್ಲೇ ಬೆನ್ನು ಕೊಳೆತು ಸತ್ತರೆ ಹಣೆಬರಹವೆನ್ನುತ್ತಾರೆ. ಶುದ್ಧ ಸುಳ್ಳು! ಮೈಭಾರ ಒಂದೇ ಕಡೆ ಒತ್ತಿದರೆ ಮೂಳೆಗೂ ಹಾಸಿಗೆಗೂ ನಡುವಿನ ಮಾಂಸಕ್ಕೆ ರಕ್ತ ಹರಿಯದು. ಕೆಲವೇ ಗಂಟೆಗಳಲ್ಲಿ ಅದು ಸಾಯತೊಡಗುತ್ತದೆ. ಹೊರಳಿಸಿದರೆ ಬಹುಪಾಲು ಹುಣ್ಣು ಆಗುವುದೇ ಇಲ್ಲ.

ದಾದಿಯರಿಗೆ ತರಬೇತಿ ಬೇಕು, ನಿಜ. ಕೆಂಪಾದ ಜಾಗವನ್ನು ಸ್ಪಿರಿಟ್ ಹಚ್ಚಿ ತಿಕ್ಕುವುದು, ರಬ್ಬರ್ ಬಳೆಯ ಮೇಲೆ ಕೂರಿಸುವುದು ಹಳೆಯ ಪಾಠ; ಎರಡೂ ಹಾನಿಯೆಂದು ಈಗ ತಿಳಿದಿದೆ. ಚರ್ಮ ಕೆಂಪಾಯಿತೇ ನೋಡಿ ಎಂಬುದಂತೂ ಬಿಳಿಯರ ಮೈಗೆ ಬರೆದ ಪಾಠ. ನಮ್ಮ ಕಪ್ಪು ಮೈಯಲ್ಲಿ ಕೆಂಪು ಸುಲಭಕ್ಕೆ ಕಾಣದು. ಕೈಯಿಟ್ಟು ಬಿಸಿ, ಗಡಸು, ನೋವು ಹುಡುಕಬೇಕು. ಕೂಲಿ ಬಿಟ್ಟು ಪಕ್ಕದಲ್ಲಿ ಕೂತ ಹೆಂಡತಿಗೂ ಇದನ್ನು ಹೇಳಿಕೊಡಬೇಕು.

ಆದರೆ ವ್ಯಾಪಾರಿ ಬಂಧುಗಳೇ, ನೀವು ಲೆಕ್ಕ ಬಲ್ಲವರು. ಹೊರಳಲಾರದ 10 ರೋಗಿಗಳು; 2 ಗಂಟೆಗೊಮ್ಮೆ ತಲಾ 10 ನಿಮಿಷ. 120 ನಿಮಿಷದಲ್ಲಿ 100 ಅಲ್ಲಿಗೇ ಹೋಯಿತು! ಔಷಧಿ, ಸೂಜಿ, ಒದ್ದೆ ಹಾಸಿಗೆಯ ಗತಿ? ಅದೂ ಹೊರಳಿಸಲು ಇಬ್ಬರು ಬೇಕು. ಭಾರತೀಯ ನರ್ಸಿಂಗ್ ಕೌನ್ಸಿಲಿನ ಲೆಕ್ಕದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ 3 ಹಾಸಿಗೆಗೆ, ಉಳಿದೆಡೆ 5 ಹಾಸಿಗೆಗೆ ಒಬ್ಬ ದಾದಿ. ಒಬ್ಬಳಿಗೆ ಹತ್ತು ಮಗ್ಗ ಒಪ್ಪಿಸಿ, ನೂಲು ಕಡಿದರೆ ದಂಡ ಹಾಕುವ ಮಾಲೀಕನನ್ನು ಗಿರಣಿ ಕಾರ್ಮಿಕರು ಬಲ್ಲಿರಿ. ಇದೂ ಅದೇ ನ್ಯಾಯ. ಗುತ್ತಿಗೆಯ ದಾದಿಗೆ ಕಲಿಸಿ ಮುಂದಿನ ವರ್ಷ ಮನೆಗೆ ಕಳಿಸಿದರೆ ಪಾಠವೂ ಅವಳ ಹಿಂದೆಯೇ ಹೋಗುತ್ತದೆ.

ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಆಸ್ಪತ್ರೆಗಳ ಬಾಗಿಲಲ್ಲಿ ಸರ್ಕಾರ ಒಂದು ಹಲಗೆ ತೂಗುಹಾಕಲಿ: ಈ ರಾತ್ರಿ ಪಾಳಿಯಲ್ಲಿ ರೋಗಿಗಳೆಷ್ಟು, ದಾದಿಯರೆಷ್ಟು?