ಕಾರು ಕೆಟ್ಟು ನಿಂತಾಗ

ದಂಡು ಪ್ರದೇಶದ ಕಥೋಲಿಕ ಮನೆತನಗಳಿಗೆ ಹಳೆಯ ಕಾರಿನ ಮೇಲಿರುವ ಮಮಕಾರವನ್ನು ಹೊಸದಾಗಿ ವರ್ಣಿಸಬೇಕಾಗಿಲ್ಲ. ಮಾರಿಸ್ ಮೈನರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್ ಮೊದಲಾದ ಹೆಸರುಗಳನ್ನು ನಮ್ಮ ಹಿರಿಯರು ಅಗಲಿದ ಬಂಧುಗಳ ಹೆಸರಿನಂತೆ ಪ್ರೀತಿಯಿಂದ ಉಚ್ಚರಿಸುತ್ತಾರೆ. ಸಣ್ಣದೊಂದು ಬಿಡಿಭಾಗಕ್ಕಾಗಿ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಇಡೀ ಶನಿವಾರವನ್ನು ಕಳೆದವರು ನಮ್ಮಲ್ಲಿ ಬಹಳ ಮಂದಿ. ಆದುದರಿಂದ 1928ರ ಕಾರೊಂದರಲ್ಲಿ ಲೋಕವನ್ನೇ ಸುತ್ತಿಬಂದ ದಂಪತಿಗಳ ವೃತ್ತಾಂತ ಇಲ್ಲಿನವರಿಗೆ ರುಚಿಸುವುದು ಸಹಜ. ಆದರೆ ಆ ವೃತ್ತಾಂತದಲ್ಲಿ ನಾವು ಕಾರನ್ನಷ್ಟೇ ನೋಡಿ ತಲೆದೂಗುತ್ತಿದ್ದೇವೆಯೇ ಎಂಬ ಸಂದೇಹ ನನ್ನದು.

ಅರ್ಜೆಂಟೀನಾದ ಹರ್ಮನ್ ಝಾಪ್ ಮತ್ತು ಕ್ಯಾಂಡೆಲೇರಿಯ ಝಾಪ್ ಎಂಬ ದಂಪತಿಗಳು 2000ನೇ ಇಸವಿಯ ಜನವರಿಯಲ್ಲಿ ಬ್ಯೂನಸ್ ಐರಿಸ್ ನಗರದಿಂದ ಹೊರಟರು. ಅಲಾಸ್ಕ ತಲುಪಬೇಕು, ಆರು ತಿಂಗಳಲ್ಲಿ ಮುಗಿಸಬೇಕು ಎಂಬುದು ಅವರ ಲೆಕ್ಕಾಚಾರ. ಅವರು ಏರಿದ್ದು ಗ್ರಹಾಂ-ಪೇಜ್ ಎಂಬ ಅಮೆರಿಕದ ಕಾರು. ಅದನ್ನು ತಯಾರಿಸಿದ ಕಂಪನಿ ಎರಡನೆಯ ಮಹಾಯುದ್ಧದ ಕಾಲಕ್ಕೇ ಆ ಕಾರುಗಳನ್ನು ನಿಲ್ಲಿಸಿತ್ತು. ಗಂಟೆಗೆ ಐವತ್ತು-ಐವತ್ತೈದು ಕಿಲೋಮೀಟರಿಗಿಂತ ಹೆಚ್ಚು ಓಡದ ಗಾಡಿ. ಆರು ತಿಂಗಳ ಯಾತ್ರೆ 22 ವರ್ಷಗಳಿಗೆ ಬೆಳೆಯಿತು. ನಾಲ್ಕು ಮಕ್ಕಳು ಅಮೆರಿಕ, ಅರ್ಜೆಂಟೀನಾ, ಕೆನಡ, ಆಸ್ಟ್ರೇಲಿಯಗಳಲ್ಲಿ ಒಬ್ಬೊಬ್ಬರಾಗಿ ಹುಟ್ಟಿದರು. ಸಂಸಾರ ಬೆಳೆದಂತೆ ಕಾರನ್ನೂ ಕತ್ತರಿಸಿ ಉದ್ದಗೊಳಿಸಬೇಕಾಯಿತು. 2022ರ ಮಾರ್ಚಿಯಲ್ಲಿ ಅವರು ಹೊರಟ ಊರಿಗೇ ಮರಳಿದಾಗ ಸುಮಾರು 3,62,000 ಕಿಲೋಮೀಟರು, ನೂರಕ್ಕೂ ಹೆಚ್ಚು ದೇಶಗಳು ಹಿಂದೆ ಉಳಿದಿದ್ದವು.

ಕೈಯಲ್ಲಿದ್ದ ಹಣ ಮುಗಿದ ಮೇಲೆ ಪತ್ನಿ ಚಿತ್ರ ಬರೆದರು, ಪತಿ ಅದಕ್ಕೆ ಚೌಕಟ್ಟು ಹಾಕಿ ಮಾರಿದರು. ಮುಂದೆ ತಮ್ಮ ಪಯಣದ ಪುಸ್ತಕವನ್ನೇ ಬರೆದು ಮಾರುತ್ತ ಸಾಗಿದರು. ದಾಂಪತ್ಯವೆಂದರೆ ಹೀಗೂ ಇರಬಹುದೆಂದು ನನಗೆ ಅನ್ನಿಸಿದ್ದು ಆ ಚೌಕಟ್ಟಿನ ಸಂಗತಿಯನ್ನು ಓದಿದಾಗ.

ಮಕ್ಕಳ ಶಾಲೆಯ ಗತಿ ಏನು ಎಂದು ನಮ್ಮ ತಾಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ತಾಯಿ ದಾರಿಯಲ್ಲೇ ಪಾಠ ಹೇಳಿಕೊಟ್ಟರಂತೆ. ನಾನಾದರೆ ಅಷ್ಟು ಧೈರ್ಯ ಮಾಡುತ್ತಿರಲಿಲ್ಲ. ಕೆಲಸ ಬಿಟ್ಟು, ಮಕ್ಕಳ ಹೆಸರನ್ನು ಶಾಲೆಯಿಂದ ಕಡಿಸಿ, ಹಳೆಯ ಕಾರೇರಿ ಹೊರಡಿರೆಂದು ಯಾರಿಗೂ ಹೇಳಲಾರೆ. ಹೊರಡುವೆನೆಂದರೂ ನಮ್ಮ ದೇಶದಲ್ಲಿ 2021ರ ನಿಯಮ ಅಡ್ಡ ಬರುತ್ತದೆ: ಐವತ್ತು ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಿದರೆ ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದ ಕೆಲವೇ ಕಾರಣಗಳಿಗೆ ಅದು ರಸ್ತೆಗಿಳಿಯಬಹುದು.

ನನ್ನನ್ನು ಕಾಡುತ್ತಿರುವ ಅಂಕಿ ಬೇರೆಯದು. ಈ ಕುಟುಂಬ 22 ವರ್ಷಗಳಲ್ಲಿ ಸುಮಾರು ಎರಡು ಸಾವಿರ ಮನೆಗಳಲ್ಲಿ ತಂಗಿತ್ತಂತೆ. ಹೊಸ ಕಾರಿನಲ್ಲಿ ಹೋದವನು ಸಂಜೆಯೊಳಗೆ ದೊಡ್ಡ ಊರು ಸೇರಿ ಹೋಟೆಲಿನ ಕೋಣೆ ಹಿಡಿಯುತ್ತಾನೆ. ಅವನಿಗೆ ಯಾರ ಹಂಗೂ ಇಲ್ಲ. ನಿಧಾನವಾಗಿ ಸಾಗುವ ಹಳೆಯ ಕಾರು ಕತ್ತಲಾದ ಕಡೆ ನಿಲ್ಲುತ್ತದೆ, ಕೆಟ್ಟ ಕಡೆ ಕೈಚಾಚುತ್ತದೆ. ಆಗ ಒಂದು ಬಾಗಿಲು ತೆರೆಯಬೇಕು. ಅಂದರೆ ಈ ಯಾತ್ರೆಯ ಅರ್ಧವನ್ನು ನಡೆಸಿದವರು ಮನೆಯಲ್ಲೇ ಇದ್ದ ಎರಡು ಸಾವಿರ ಕುಟುಂಬದವರು. ಅವರ ಛಾಯಾಚಿತ್ರವನ್ನು ಯಾವ ಪತ್ರಿಕೆ ಮುದ್ರಿಸುತ್ತದೆ?

ಇಂಥ ದಂಪತಿಗಳು ಹಳೆಯ ಮದ್ರಾಸು ರಸ್ತೆಯಲ್ಲಿ ಹೊಸಕೋಟೆ ದಾಟಿ ನಮ್ಮ ಕಡೆಗೆ ಬರುತ್ತಿದ್ದಾರೆಂದು ಭಾವಿಸೋಣ. ಕೆ.ಆರ್. ಪುರದ ತೂಗು ಸೇತುವೆಯನ್ನು ಇಳಿದು ಟಿನ್ ಫ್ಯಾಕ್ಟರಿಯ ವಾಹನ ಸಂದಣಿಯಲ್ಲಿ ಸಿಲುಕಿದೊಡನೆ ರೇಡಿಯೇಟರು ಕುದಿಯುತ್ತದೆ. ಜನ ಸೇರುತ್ತಾರೆ, ನೀರು ತಂದು ಹೊಯ್ಯುತ್ತಾರೆ, ಮೆಕ್ಯಾನಿಕ್ ಒಬ್ಬ ತಾನಾಗಿಯೇ ಬಾನೆಟ್ಟಿಗೆ ಬಗ್ಗುತ್ತಾನೆ. ಮೊಬೈಲಿನಲ್ಲಿ ಚಿತ್ರ ತೆಗೆಯುವವರಿಗಂತೂ ಕೊರತೆಯಿಲ್ಲ. ಬೆಂಗಳೂರಿನವರು ಅಷ್ಟರ ಮಟ್ಟಿಗೆ ಒಳ್ಳೆಯವರೇ. ರಾತ್ರಿ ಎಂಟು ಗಂಟೆಗೆ, ಜನ ಚದುರಿದ ಮೇಲೆ, ಇಂದಿರಾನಗರದಲ್ಲೋ ಹಲಸೂರಿನಲ್ಲೋ ಯಾವ ಮನೆಯವರು “ಬನ್ನಿ, ಊಟ ಮಾಡಿ, ಇಲ್ಲೇ ಮಲಗಿ” ಎನ್ನುತ್ತಾರೆ? ಕಾವಲುಗಾರನ ಪುಸ್ತಕದಲ್ಲಿ ಹೆಸರು ಬರೆಸದೆ, ಮೊದಲೇ ಫೋನು ಮಾಡದೆ ಬರುವ ಅತಿಥಿಗೆ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಎಡೆಯೇ ಇಲ್ಲ. ಬಿಡುವಾಗಿದ್ದ ಕೋಣೆಯನ್ನು ಬಾಡಿಗೆಗೆ ಕೊಟ್ಟಾಯಿತು. ಭಯವೂ ಉಂಟು, ಅದನ್ನು ಸುಳ್ಳೆನ್ನಲಾರೆ. ವೃದ್ಧರಿಬ್ಬರೇ ಇರುವ ಮನೆಯವರು ಅಪರಿಚಿತರಿಗೆ ಬಾಗಿಲು ತೆರೆಯದಿದ್ದರೆ ಅವರನ್ನು ದೂರುವಂತಿಲ್ಲ.

ಮಧ್ಯಾಹ್ನದ ಬಿಸಿಲಿನಲ್ಲಿ ಗುಡಾರದ ಬಾಗಿಲಲ್ಲಿ ಕುಳಿತಿದ್ದ ಅಬ್ರಹಾಮ ಮೂವರು ದಾರಿಹೋಕರನ್ನು ಕಂಡೊಡನೆ ಎದುರಿಗೆ ಓಡಿದ ಪ್ರಸಂಗ ನಮಗೆಲ್ಲ ಪರಿಚಿತ. ಬರುವವರಿದ್ದಾರೆಂದು ಮೊದಲೇ ತಿಳಿಸದೆ, ಒಳಗೆ ಧಾವಿಸಿ, ಬೇಗ ಹಿಟ್ಟು ನಾದೆಂದು ಹೇಳಿದ ಗಂಡನ ಮೇಲೆ ಸಾರಾಳಿಗೆ ಎಷ್ಟು ಸಿಟ್ಟು ಬಂದಿರಬೇಕೆಂದು ನನ್ನ ಪತ್ನಿ ಪ್ರತಿ ಸಲವೂ ಕೇಳುತ್ತಾಳೆ. ಅವಳ ಮಾತಿನಲ್ಲಿ ಹುರುಳಿದೆ. ಅತಿಥಿಸತ್ಕಾರ ಒಬ್ಬರೇ ಮಾಡುವ ಪುಣ್ಯವಲ್ಲ. ಕಾರೇರುವ ಮೊದಲು ಝಾಪ್ ದಂಪತಿಗಳಿಬ್ಬರೂ ಒಪ್ಪಬೇಕಿತ್ತು. ಅವರಿಗೆ ಹಾಸಿಗೆ ಹಾಸಿದ ಪ್ರತಿಯೊಂದು ಮನೆಯಲ್ಲೂ ಇಬ್ಬರು ಒಪ್ಪಿರಲೇಬೇಕು.

ಅರ್ಜೆಂಟೀನಾದ ಕಾರು ನಮ್ಮ ಬೀದಿಗೆ ಬರಲಿಕ್ಕಿಲ್ಲ. ಆದರೆ ಪ್ರತಿ ವರ್ಷವೂ ಆಗಸ್ಟ್ ತಿಂಗಳ ಕೊನೆಗೆ ಕಾವಿಯುಟ್ಟು ಬೆಂಗಳೂರಿನಿಂದ ವೇಳಾಂಕಣಿಗೆ ನಡೆದುಹೋಗುವವರಿದ್ದಾರೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾಕ್ಕೆ ಹಳ್ಳಿಗಳಿಂದ ಬರುವವರಿದ್ದಾರೆ. ಊರಿನಿಂದ ಚಿಕಿತ್ಸೆಗೆಂದು ಬಂದು, ರೋಗಿಯ ಹಾಸಿಗೆಯ ಪಕ್ಕದಲ್ಲಿ ಜಾಗವಿಲ್ಲದೆ ಹೊರಗೆ ರಾತ್ರಿ ಕಳೆಯುವ ಗಂಡಂದಿರು, ಹೆಂಡಂದಿರು ಇದ್ದಾರೆ. ಧರ್ಮಕೇಂದ್ರಕ್ಕೆ ಹತ್ತು ಮನೆಗಳಾದರೂ ಇಂಥವರಿಗೆ ಒಂದು ರಾತ್ರಿಯ ಹಾಸಿಗೆ ಕೊಡಲು ಹೆಸರು ಬರೆಸಬಹುದಲ್ಲವೇ? ಗುರುಗಳ ಚೀಟಿ ಹಿಡಿದು ಬಂದವರೆಂದರೆ ಕಾವಲುಗಾರನೂ ಒಳಗೆ ಬಿಟ್ಟಾನು, ನಮ್ಮ ಭಯವೂ ಅರ್ಧ ಕಳೆದೀತು. ನಮ್ಮ ಮನೆಯ ಹೆಸರನ್ನು ಬರೆಸುವ ವಿಷಯದಲ್ಲಿ ಪತ್ನಿಯ ಒಪ್ಪಿಗೆ ಕೇಳಿದ್ದೇನೆ. ಎಷ್ಟು ಜನ ಬರುತ್ತಾರೆಂದು ಈ ಸಲವಾದರೂ ಮೊದಲೇ ಹೇಳಬೇಕಂತೆ.