ಚಿತ್ರ ಯಾರದ್ದು?

ಮಕ್ಕಳೇ, ಕುರ್ದ್ ಜನರಿಗೆ ಸ್ವಂತ ದೇಶವಿಲ್ಲ. ತುರ್ಕಿ, ಇರಾನ್, ಇರಾಕ್, ಸಿರಿಯಾಗಳಲ್ಲಿ ಹಂಚಿಹೋಗಿದ್ದಾರೆ. 1980ರ ದಶಕದಲ್ಲಿ ಸದ್ದಾಂ ಹುಸೇನನ ಸೇನೆ ಇರಾಕಿನಲ್ಲಿ ಅವರ ಸಾವಿರಾರು ಹಳ್ಳಿಗಳನ್ನು ನೆಲಸಮ ಮಾಡಿತು. ಎಷ್ಟೋ ಮನೆಗಳಲ್ಲಿ ಹೋದವರ ಗುರುತಾಗಿ ಉಳಿದದ್ದು ಒಂದು ಫೋಟೋ ಮಾತ್ರ.

1991ರಲ್ಲಿ ಅಲ್ಲಿಗೆ ಹೋದ ಅಮೆರಿಕದ ಛಾಯಾಗ್ರಾಹಕಿ ಸೂಸನ್ ಮೈಸೆಲಾಸ್, ಮುಂದೆ ಇಂಥ ಹಳೆಯ ಚಿತ್ರಗಳನ್ನೂ ಅವುಗಳ ಕಥೆಗಳನ್ನೂ ಕೂಡಿಸಿದರು. 1997ರಲ್ಲಿ ಅದು ದೊಡ್ಡ ಪುಸ್ತಕವಾಯಿತು.

ಬ್ಯಾಂಕಿನ ಲಾಕರಿನಲ್ಲಿ ಒಡವೆ ಇಟ್ಟವರದ್ದು, ನಾವು ಬರೀ ಕಾವಲುಗಾರರು. ಫೋಟೋಕ್ಕೂ ಅಷ್ಟೇ. ಪ್ರತಿ ತೆಗೆದು ಮೂಲವನ್ನು ಮನೆಯವರಿಗೇ ಕೊಡಬೇಕು. ಕೇಳದೆ ಯಾರಿಗೂ ತೋರಿಸಬಾರದು. ಒಂದು ಮುಖ ಗುರುತು ಸಿಕ್ಕರೆ ಬದುಕಿರುವ ನೆಂಟರಿಗೆ ಅಪಾಯವಾದೀತು.

ಇವತ್ತು ಅಜ್ಜಿಯ ಆಲ್ಬಂ ತೆಗೆಸಿ. ಒಬ್ಬೊಬ್ಬರ ಹೆಸರು ಕೇಳಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಮೆಲ್ಲಗೆ ಬರೆಯಿರಿ. ಅಜ್ಜಿ ಬೇಡವೆಂದ ಚಿತ್ರವನ್ನು ಹಾಗೇ ಮುಚ್ಚಿಡಿ.